ಮೂರು ತಾಮ್ರದ ಬ್ಲಾಕು, ಒಂದು ಹೆಬ್ಬೆರಳು

ಹನ್ನೊಂದನೆಯ ಕಂತು

"ಮುಟ್ಟಬೇಡ!"

ರೇಡಿಯೇಟರ್ ಅತ್ತೆಯ ಒಂದು ಕೂಗಿಗೆ ಕಿಡಿಯ ಕೈ ಗಾಳಿಯಲ್ಲೇ ನಿಂತಿತು. ಬಾಗಿಲಿಗೆ ಒರಗಿ ಬಿಸ್ಕತ್ತು ಅಗಿಯುತ್ತಿದ್ದ ಅವಳ ಅಕ್ಕನ ಗಂಡ ಭಾವನ ದವಡೆಯೂ ನಿಂತಿತು.

ಮೇಜಿನ ಮೇಲೆ ಹಾಸಿದ ಬಿಳಿ ಬಟ್ಟೆಯಲ್ಲಿ ಮೂರು ವಾಟರ್ ಬ್ಲಾಕುಗಳು ಸಾಲಾಗಿ ಕೂತಿದ್ದವು. ಕಂಪ್ಯೂಟರನ್ನು ನೀರಿನಿಂದ ತಣಿಸುವ, ಅಂಗೈಯಗಲದ ತಾಮ್ರದ ಗಟ್ಟಿಗಳು. ಪ್ರತಿಯೊಂದರ ನೆತ್ತಿಯಲ್ಲೂ ಎರಡು ತೂತು: ತಣ್ಣೀರು ಒಳಗೆ ಹೋಗಲು ಒಂದು, ಬಿಸಿಯಾಗಿ ಹೊರಬರಲು ಇನ್ನೊಂದು. ಪ್ರತಿಯೊಂದರ ಪಕ್ಕೆಯಲ್ಲೂ ಅರ್ಧಚಂದ್ರದ ಪುಟ್ಟ ಗುರುತು. ಮೂರನ್ನೂ ಹೆತ್ತ ತಾಯಿ ಬಂದು ನಿಂತರೂ ಯಾರು ದೊಡ್ಡವನು ಯಾರು ಚಿಕ್ಕವನು ಎಂದು ಹೇಳಲಾರಳು.

"ತಳಕ್ಕೆ ಬರಿಗೈ ತಾಗಬಾರದು ಕಣೇ. ಅಂಚು ಹಿಡಿದು ಎತ್ತು," ಅಂದರು ಅತ್ತೆ. "ಮೂವತ್ತು ವರ್ಷ ಗಾಡಿಗಳ ರೇಡಿಯೇಟರ್ ರಿಪೇರಿ ಮಾಡಿದೀನಿ. ತಾಮ್ರದಷ್ಟು ಚಾಡಿಕೋರ ಲೋಹ ಇನ್ನೊಂದಿಲ್ಲ. ಯಾರು ಮುಟ್ಟಿದ್ರೋ ಅವರ ಹೆಸರು ಹೇಳದೆ ಬಿಡಲ್ಲ."

ಕಿಡಿ ತಗಡಿನ ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದು ಒಂದೇ ಬ್ಲಾಕು. ಇವತ್ತು ಬೆಳಿಗ್ಗೆ ಬೀಗ ತೆಗೆದರೆ ಮೂರು.

"ಕಳ್ಳ ಹೊತ್ಕೊಂಡು ಹೋಗೋದು ಕೇಳಿದೀನಿ," ಅಂದ ಭಾವ. "ಈ ಪುಣ್ಯಾತ್ಮ ಎರಡು ಕೊಟ್ಟು ಹೋಗಿದಾನೆ. ನಮ್ಮನೆ ಗ್ಯಾಸ್ ಒಲೆ ಮೇಲೂ ಅವನ ದೃಷ್ಟಿ ಬೀಳಲಿ."

ಕಿಡಿಗೆ ನಗು ಬರಲಿಲ್ಲ. ಅತ್ತೆಯ ಅಣ್ಣನ ಎರಡನೇ ಮಗಳು ಅವಳು. ಎರಡು ಪ್ರೊಸೆಸರ್ ಸುಟ್ಟು ಆ ಹೆಸರು ಸಂಪಾದಿಸಿದ್ದಳು. ಕಂಪ್ಯೂಟರಿನ ಪ್ರೊಸೆಸರನ್ನು ಮಾಡಿದವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸುವುದೇ ಅವಳ ಹುಚ್ಚು. ಓಡಿದಷ್ಟೂ ಅದು ಕಾಯುತ್ತದೆ, ಕಾದಷ್ಟೂ ತಣಿಸಬೇಕು. ನಲವತ್ತು ದಿನದ ಹಿಂದೆ ಇದೇ ಕೋಣೆಯಲ್ಲಿ, ಲೇತ್ ಯಂತ್ರದ ಲೇತಣ್ಣ ಕಡೆದುಕೊಟ್ಟ ಬ್ಲಾಕನ್ನು ಕೂರಿಸಿ, ಯಾರೂ ಎರಡು ನಿಮಿಷ ಹಿಡಿದಿರದ ವೇಗವನ್ನು ಅವಳು ಹತ್ತು ನಿಮಿಷ ಹಿಡಿದಳು. ದಾಖಲೆ ಪುಸ್ತಕದಲ್ಲಿ ನಾಲ್ಕು ವರ್ಷದಿಂದ ಕಾಲು ಚಾಚಿ ಕೂತಿದ್ದ ಭಾವನ ಹೆಸರು ಕೆಳಗಿಳಿಯಿತು.

ಆಮೇಲೆ ಆ ಪುಸ್ತಕ ಇಡುವ ಸಂಘಕ್ಕೆ ಹೆಸರಿಲ್ಲದ ಒಂದು ಪತ್ರ ಬಂತು. ಆ ಹುಡುಗಿ ನೀರಿಗೆ ಮಂಜುಗಡ್ಡೆ ಹಾಕಿ ಮೋಸ ಮಾಡಿದ್ದಾಳೆ ಎಂದು.

ಹಾಗಾಗಿ ಇವತ್ತು ಮರುಪರೀಕ್ಷೆ. ಮೂರು ಗಂಟೆಗೆ ಸಂಘದ ಪರೀಕ್ಷಕರು ಬರುತ್ತಾರೆ. ಅಂದಿನ ಬ್ಲಾಕು ಇದೇ ಎಂದು ಕಿಡಿ ಸಹಿ ಹಾಕಬೇಕು, ನಾಲ್ಕಕ್ಕೆ ಅದರಲ್ಲೇ ಅದೇ ವೇಗ ತೋರಿಸಬೇಕು. ಬೇರೆ ಬ್ಲಾಕಿಗೆ ಸಹಿ ಹಾಕಿದರೂ ಮೋಸಗಾರ್ತಿ, ವೇಗ ಬರದಿದ್ದರೂ ಮೋಸಗಾರ್ತಿ.

ಗೋಡೆ ಗಡಿಯಾರದಲ್ಲಿ ಒಂದೂ ಹತ್ತು.

"ಒಂದೊಂದನ್ನೇ ಕೂರಿಸಿ ನೋಡಿಬಿಡಮ್ಮ," ಅಂದ ಭಾವ.

"ಒಂದಕ್ಕೆ ಒಂದು ಗಂಟೆ ಬೇಕು ಭಾವ. ನೀರು ಖಾಲಿ ಮಾಡಿ, ಬ್ಲಾಕ್ ಬದಲಾಯಿಸಿ, ಗಾಳಿ ಗುಳ್ಳೆಯೆಲ್ಲ ಹೊರಗೆ ತೆಗೀಬೇಕು. ಅದೂ ಅಲ್ದೆ ಡಮ್ಮಿ ಬ್ಲಾಕ್ ಕೈಗೆ ಸಿಕ್ರೆ ಪ್ರೊಸೆಸರ್ ಸುಟ್ಟೇ ಹೋಗುತ್ತೆ. ಇರೋದು ಇದೊಂದೇ."

"ಹಾಗಾದ್ರೆ ಪ್ರೊಸೆಸರಿಗೆ ರಜ ಕೊಡೋಣ," ಅಂದರು ಅತ್ತೆ. "ಕೆಟಲ್‌ನಲ್ಲಿ ನೀರು ಕಾಯಿಸು. ಒಂದು ಮೇಣದಬತ್ತಿ ತಾ, ಎಣ್ಣೆ ಹುಯ್ಯೋ ಆಲಿಕೆ ತಾ. ಮೂರು ಬಣ್ಣದ ದಾರ ತಾ."

ದಾರ ಕಟ್ಟಿದ್ದಾಯಿತು: ಕೆಂಪು, ಹಳದಿ, ಹಸಿರು. ಅತ್ತೆ ಮೂರನ್ನೂ ತಳ ಮೇಲಾಗಿ ತಿರುಗಿಸಿದರು. ಪ್ರೊಸೆಸರಿಗೆ ಅಂಟಿ ಕೂರುವ ಭಾಗ ಅದು. ಮೂರೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಬ್ಲೇಡಿನಿಂದ ಮೇಣ ಹೆರೆದು ಸಾಸಿವೆಕಾಳಿನಷ್ಟು ಚೂರುಗಳನ್ನು ನಡುವೆ ಒಂದೇ ಸಾಲಿಗೆ ಐದು, ನಾಲ್ಕು ಮೂಲೆಗೆ ನಾಲ್ಕು ಇಟ್ಟರು.

"ಅತ್ತೆ, ಇದೇನು ರಂಗೋಲಿನಾ?"

"ರೇಡಿಯೇಟರ್ ಒಳಗೆ ಎಲ್ಲಿ ಕಟ್ಟಿದೆ ಅಂತ ಬಿಚ್ಚದೆ ನೋಡೋ ಉಪಾಯ ಅಳಿಯಂದ್ರೇ. ಬಿಸಿನೀರು ಹುಯ್ಯೋದು, ಹೊರಗೆ ಮೇಣ ಎಲ್ಲಿ ಕರಗುತ್ತೆ ನೋಡೋದು. ಒಳಗೆ ನೀರು ನಡೆದ ದಾರಿ ಹೊರಗೆ ಕಾಣುತ್ತೆ. ನಿಮ್ಮ ಕಂಪ್ಯೂಟರಿಗೆ ಇದು ಹೊಸದು ಇರಬಹುದು. ನನಗೆ ಇದು ಹಳೇ ಲಾರಿ, ಗಾತ್ರ ಮಾತ್ರ ಸಣ್ಣದು."

ಕೆಂಪು ದಾರದ್ದಕ್ಕೆ ಮೊದಲು ಕೊಳವೆ ಸಿಕ್ಕಿಸಿದರು. ಕಿಡಿ ಆಲಿಕೆಯಲ್ಲಿ ಬಿಸಿನೀರು ಹುಯ್ದಳು. ಅತ್ತೆ ಬೆರಳು ಮಡಚುತ್ತ ಎಣಿಸಿದರು. ಹನ್ನೆರಡಾಯಿತು, ಹದಿನೈದಾಯಿತು, ಮೇಣ ಅಲ್ಲಾಡಲಿಲ್ಲ. ಇಪ್ಪತ್ತಕ್ಕೆ ಒಂಬತ್ತೂ ಚೂರುಗಳು ಸೋಮಾರಿಗಳ ಹಾಗೆ ಒಟ್ಟಿಗೆ ಕರಗಿದವು.

"ಇದು ಬರೀ ಡಬ್ಬಿ," ಅಂದರು ಅತ್ತೆ. "ಒಳಗೆ ಶಾಖ ಹಿಡಿಯೋ ತೆಳು ಹಾಳೆ, ಆ ಫಿನ್ನುಗಳೇ ಇಲ್ಲ. ಹೊರಗಿಂದ ಅಳತೆ ತಗೊಂಡು ಮಾಡಿದಾರೆ, ಒಳಗೆ ಇಣುಕಿಲ್ಲ. ಮೇಲೆ ಥಳಕು, ಒಳಗೆ ಹುಳುಕು."

ಹಳದಿಗೆ ನೀರು ಬಿತ್ತು. ಅತ್ತೆ ನಾಲ್ಕು ಎಣಿಸುವಷ್ಟರಲ್ಲಿ ನಡುವಿನ ಐದು ಚೂರೂ ಒಂದರ ಹಿಂದೆ ಒಂದು ಹೊಳೆದು ನೀರಾದವು. ಮೂಲೆಯ ನಾಲ್ಕು ಆಮೇಲೆ, ನಿಧಾನಕ್ಕೆ.

"ನೋಡಿದ್ಯಾ? ನೀರು ಮೊದಲು ನಡುಮಧ್ಯಕ್ಕೆ ಬೀಳ್ತಿದೆ. ಬೆಂಕಿ ಹೆಚ್ಚಿರೋ ಕಡೆಗೇ ಮೊದಲ ನೀರು. ಮಾಡಿದವನಿಗೆ ತಲೆ ಇದೆ."

"ಇದೇ ಅತ್ತೆ! ಇದೇ ನಂದು!" ಕಿಡಿ ಕುಣಿದಳು.

"ತಾಳು. ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲೀಬೇಡ."

ಹಸಿರು ದಾರದ್ದಕ್ಕೆ ನೀರು ಹುಯ್ದರು. ಕಿಡಿಯ ಮುಖ ಇಳಿದುಹೋಯಿತು. ಅದರಲ್ಲೂ ನಾಲ್ಕು ಎಣಿಸುವಷ್ಟರಲ್ಲಿ ನಡುವಿನ ಸಾಲು ಹಾಗೇ ಕರಗಿತು. ಆದರೆ ಕರಗಿದ್ದು ನಾಲ್ಕೇ ಚೂರು. ತುದಿಯ ಐದನೆಯದು ಹದಿಮೂರರವರೆಗೆ ಕಲ್ಲಿನ ಹಾಗೆ ಕೂತಿತ್ತು.

ಅತ್ತೆ ಕನ್ನಡಕ ಮೇಲೇರಿಸಿದರು. "ಎರಡೂ ಒಂದೇ ಕೈಯವು. ಹಸಿರಿನದರಲ್ಲಿ ಒಂದು ತುದಿಗೆ ಫಿನ್ನು ಮುರಿದಿವೆ. ಈಗ ನಿನ್ನದು ಸರಿ ಇರೋದೋ, ಮುರಿದಿರೋದೋ?"

ಕಿಡಿ ತನ್ನ ಬ್ಲಾಕನ್ನು ಬಿಚ್ಚಿ ನೋಡಿರಲೇ ಇಲ್ಲ. ಹೊಸ ಬ್ಲಾಕು ಚೆನ್ನಾಗಿ ಓಡುತ್ತಿರುವಾಗ ಯಾವ ಹುಚ್ಚ ಬಿಚ್ಚುತ್ತಾನೆ?

"ಆ ಡಬ್ಬಿ ವಿಷಯ ಮೊದಲು ಮುಗಿಸೋಣ," ಎಂದು ಅತ್ತೆ ಕೆಂಪು ದಾರದ್ದನ್ನು ಅಂಚು ಹಿಡಿದು ಎತ್ತಿದರು. "ಒಳಗೆ ನೋಡದೆ ಹೊರಗಿನ ಚಂದಕ್ಕೆ ಮರುಳಾಗೋ ಜನ ನಮ್ಮ ಸಂಬಂಧದಲ್ಲಿ ಯಾರಿದಾರೆ?"

ಕುಂಬಳಕಾಯಿ ಕಳ್ಳ ಅಂದರೆ ಭಾವ ಹೆಗಲು ಮುಟ್ಟಿ ನೋಡಿಕೊಂಡ. "ನಾನು ತಮಾಷೆಗೆ ಅತ್ತೆ..."

"ಭಾವ!"

"ನನಗೂ ದಾಖಲೆ ವಾಪಸ್ ತಗೋಬೇಕು ಅಂತ ಆಸೆ ಇರಲ್ವೇನಮ್ಮ? ನಿನ್ನ ಬ್ಲಾಕಿನ ಫೋಟೋ ನೋಡಿ ಒಂದು ಮಾಡಿಸ್ದೆ. ಕೂರಿಸಿದ್ರೆ ಐದು ನಿಮಿಷಕ್ಕೆ ಕಂಪ್ಯೂಟರ್ ಬಂದ್ ಆಯ್ತು. ಹಾಳಾಗಿ ಹೋಗಲಿ, ನಾದಿನಿಗೆ ಇದರಲ್ಲಿ ಅವಳದು ಯಾವುದು ಅಂತ ಗೊತ್ತಾಗುತ್ತಾ ನೋಡೋಣ ಅಂತ ಮೊನ್ನೆ ಡಬ್ಬಿಲಿ ಇಟ್ಟೆ. ಇವತ್ತು ಪರೀಕ್ಷೆ ಅಂತ ನನ್ನಾಣೆ ಗೊತ್ತಿರಲಿಲ್ಲ."

"ಒಂದನ್ನೋ, ಎರಡನ್ನೋ?"

"ಒಂದೇ! ಮಜಾ ಏನು ಗೊತ್ತಾ ಅತ್ತೆ? ನಾನು ಮುಚ್ಚಳ ತೆಗೆದಾಗ್ಲೇ ಒಳಗೆ ಎರಡಿತ್ತು. ಇವಳು ಎರಡು ಮಾಡಿಸ್ಕೊಂಡಿದಾಳೆ, ಜಾಣೆ, ಅಂದ್ಕೊಂಡೆ."

ಕಿಡಿ ಅವನ ಕೈಯಿಂದ ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡಳು. ಆ ಕ್ಷಣಕ್ಕೆ ಕೊಡಬಹುದಾಗಿದ್ದ ಶಿಕ್ಷೆ ಅದೊಂದೇ.

ಡಬ್ಬಿಗೆ ಬೀಗವೇನೋ ಇತ್ತು. ಬೀಗದ ಕೈ ಮಾತ್ರ ಹಜಾರದ ಗೋಡೆಯ ಮೊಳೆಯಲ್ಲಿ, ಬಂದವರಿಗೆಲ್ಲ ಕಾಣುವಂತೆ ತೂಗುತ್ತಿತ್ತು. ಸಾಲದ್ದಕ್ಕೆ ಹದಿನೈದು ದಿನದಿಂದ ಮನೆಗೆ ಸುಣ್ಣಬಣ್ಣ. ಯಾರು ಬಂದರು, ಯಾರು ಹೋದರು, ದೇವರಿಗೇ ಗೊತ್ತು.

"ಲೇತಣ್ಣನ್ನ ಕರಿ," ಅಂದರು ಅತ್ತೆ. "ಬ್ಯಾಗು ಬೇಡ, ಸತ್ಯ ಒಂದನ್ನೇ ತಗೊಂಡು ಬರಬೇಕಂತೆ ಅನ್ನು."

ಲೇತಣ್ಣನ ಶೆಡ್ಡು ಓಣಿಯ ಆಚೆ ಬದಿಗೆ. ಐದು ನಿಮಿಷಕ್ಕೆ ಮೆಟ್ಟಿಲು ಹತ್ತಿ ಬಂದ. ಐವತ್ತೈದರ ಗಟ್ಟಿ ಮನುಷ್ಯ, ಎದೆಯ ಜೇಬಿನಲ್ಲಿ ಸದಾ ಒಂದು ಉಕ್ಕಿನ ಸ್ಕೇಲು. ಮೇಜಿನ ಮೇಲೆ ಕಣ್ಣು ಬಿದ್ದದ್ದೇ ಅವನ ಮುಖದ ಬಣ್ಣ ಹೋಯಿತು.

"ಲೇತಣ್ಣ, ನೀವು ಇವಳಿಗೆ ಎಷ್ಟು ಬ್ಲಾಕ್ ಮಾಡಿದ್ರಿ?"

"ಒಂದೇ ಅಕ್ಕ."

"ಕೊಟ್ಟಿದ್ದೆಷ್ಟು ಅಂತ ಕೇಳಲಿಲ್ಲ. ಮಾಡಿದ್ದೆಷ್ಟು?"

ಅವನು ಸ್ಕೇಲನ್ನು ಜೇಬಿನಿಂದ ತೆಗೆದ, ಮತ್ತೆ ಇಟ್ಟ.

"ಈ ಹಳದಿ, ಹಸಿರು, ಎರಡೂ ನಿಮ್ಮ ಕೈಯ ಕೆಲಸ," ಅಂದರು ಅತ್ತೆ. "ನಿಮ್ಮ ಅರ್ಧಚಂದ್ರದ ಗುರುತು ಯಾರು ಬೇಕಾದ್ರೂ ಹೊಡೀಬಹುದು. ಒಳಗಡೆ ನೀರಿನ ದಾರಿ ಹೀಗೆ ತೆಗೆಯೋದು ನಿಮಗೊಬ್ಬರಿಗೇ ಬರೋದು. ಈ ಮಗು ಇವತ್ತು ಮೂರು ಗಂಟೆಗೆ ಮೋಸಗಾರ್ತಿ ಅನ್ನಿಸ್ಕೊಳ್ಳುತ್ತೆ. ಅದನ್ನ ನೋಡ್ಕೊಂಡು ಸುಮ್ನೆ ನಿಂತ್ಕೊಳ್ತೀರಾ?"

"ಅಕ್ಕ, ಹಾಗನ್ನಬೇಡಿ." ಲೇತಣ್ಣ ಸ್ಟೂಲಿನ ಮೇಲೆ ಕುಸಿದು ಕೂತ. "ನನ್ನ ಗುರುಗಳು ಹೇಳ್ಕೊಟ್ಟಿದ್ದು ಅದು. ಹೊಸ ಕೆಲಸ ಬಂದ್ರೆ ಎರಡು ಪೀಸ್ ಮಾಡಬೇಕು. ಮೊದಲನೇದು ಕೈ ಪಳಗೋಕೆ, ಎರಡನೇದು ಗಿರಾಕಿಗೆ. ಮೊದಲನೇ ಪೀಸ್ ಯಾರಿಗೂ ತೋರಿಸಬಾರದು, ಮಾರಬಾರದು. ನಮ್ಮ ತಪ್ಪು ನಮ್ಮ ಶೆಲ್ಫಿನಲ್ಲೇ ಇರಬೇಕು."

"ಮೊದಲನೇದರಲ್ಲಿ ಏನು ತಪ್ಪಾಗಿತ್ತು?"

"ತುದಿಯಲ್ಲಿ ಎರಡು ಫಿನ್ನು ಮುರಿದುಹೋದ್ವು ಅಕ್ಕ. ಕೂದಲೆಳೆಯಷ್ಟು ತೆಳ್ಳಗೆ ಅವು."

ಕಿಡಿಯ ಕಣ್ಣಲ್ಲಿ ದೀಪ ಹತ್ತಿತು. ಮುರಿದದ್ದು ಮೊದಲ ಪೀಸು, ಹಸಿರು. ಅವಳಿಗೆ ಕೊಟ್ಟದ್ದು ಎರಡನೆಯದು, ಹಳದಿ. ಅವಳು ಹೋಗಿ ಲೇತಣ್ಣನ ಎಣ್ಣೆ ಮೆತ್ತಿದ ಎರಡೂ ಕೈ ಹಿಡಿದುಕೊಂಡಳು. ಅತ್ತೆ ಹಸಿರು ದಾರದ್ದನ್ನು ಅಂಚು ಹಿಡಿದು ಎತ್ತಿ ತೋರಿಸಿದರು.

"ಸರಿ. ನಿಮ್ಮ ಶೆಲ್ಫಿನಲ್ಲಿದ್ದ ತಪ್ಪು ಇಲ್ಲಿಗೆ ನಡ್ಕೊಂಡು ಬಂತಾ?"

"ಹತ್ತು ದಿನದ ಹಿಂದೆ ನೋಡ್ತೀನಿ, ಇಲ್ಲ. ಕಳುವಾಯ್ತು ಅಂತ ಯಾರ ಹತ್ರ ಹೇಳಲಿ? ಅಂಥದ್ದೊಂದು ಇದೆ ಅಂತಾನೇ ಯಾರಿಗೂ ಹೇಳಿರಲಿಲ್ಲ."

"ಭಲೇ," ಅಂದ ಭಾವ. "ಇಲ್ಲದ ವಸ್ತು ಕಳೆದುಹೋದ್ರೆ ಪೋಲೀಸಿಗೆ ಏನಂತ ಬರ್ಕೊಡೋದು?"

ಅತ್ತೆಯ ಕಣ್ಣು ಹಳದಿ ದಾರದ ಬ್ಲಾಕಿನ ಮೇಲೆ ನೆಟ್ಟಿತ್ತು.

ಬಿಸಿನೀರು ಕುಡಿದು ಬೆಚ್ಚಗಾಗಿದ್ದ ಆ ಹೊಳೆಯುವ ತಳದಲ್ಲಿ, ಮೂಲೆಯ ಮೇಣದ ಪಕ್ಕ, ಅರ್ಧ ಗಂಟೆಯ ಹಿಂದೆ ಇಲ್ಲದ ಒಂದು ಕಲೆ ಮೂಡುತ್ತಿತ್ತು. ಮೊದಲು ಚಹಾ ಚೆಲ್ಲಿದ ಬಣ್ಣ. ಆಮೇಲೆ ಸುತ್ತು ಸುತ್ತು ಗೆರೆಗಳು. ಬೆವರಿನ ಉಪ್ಪು ತಾಮ್ರವನ್ನು ಕಚ್ಚಿ ಕೂತಿದ್ದದ್ದು ಶಾಖ ತಾಗಿದ ಮೇಲೆ ಕಪ್ಪಾಗಿ ಮೇಲೆ ಬಂದಿತ್ತು.

ಅದೊಂದು ಹೆಬ್ಬೆರಳು. ಗೆರೆಗಳ ನಡುವೆ, ಬಲಗಡೆ ಮೇಲಿಂದ ಎಡಗಡೆ ಕೆಳಕ್ಕೆ, ಕತ್ತರಿಸಿದ ಹಾಗೆ ಒಂದು ಖಾಲಿ ಗೀಟು.

"ಎಲ್ಲರೂ ಹೆಬ್ಬೆರಳು ತೋರಿಸಿ," ಅಂದರು ಅತ್ತೆ.

ಆರು ಹೆಬ್ಬೆರಳುಗಳು ಮೇಲೆದ್ದವು. ಕಿಡಿಯದರಲ್ಲಿ ಸುಟ್ಟ ಬೊಬ್ಬೆ, ಭಾವನದರಲ್ಲಿ ಬಿಸ್ಕತ್ತಿನ ಪುಡಿ, ಲೇತಣ್ಣನದರಲ್ಲಿ ಗೆರೆಗಳೇ ಸವೆದುಹೋಗಿದ್ದವು. ಕುಯ್ದ ಗುರುತು ಯಾರಲ್ಲೂ ಇಲ್ಲ.

"ಅಕ್ಕ," ಅಂದ ಲೇತಣ್ಣ ಮೆಲ್ಲಗೆ. "ಅದು ಕಳುವಾದ ವಾರ ಒಬ್ರು ಹೆಂಗಸು ಬಂದಿದ್ರು. ಛತ್ರಿ ಹಿಡಿಗೆ ತಿರುಪು ಬೇಕು ಅಂತ. ಮುಖಕ್ಕೆ ಮಾಸ್ಕು. ನಾನು ತಿರುಪು ಹುಡುಕ್ತಿದ್ದಾಗ ಶೆಲ್ಫಿನ ಹತ್ರ ಕೈಗೆ ಏನೋ ತಾಗಿಸ್ಕೊಂಡ್ರು. ಲೇತಿನಿಂದ ಬಿದ್ದ ತಗಡಿನ ಸುರುಳಿ, ಬ್ಲೇಡಿನ ಹಾಗೆ ಇರುತ್ತೆ. ಬಲಗೈ ಹೆಬ್ಬೆರಳು. ನಾನೇ ಪಟ್ಟಿ ಕಟ್ಟಿದೆ."

ಅತ್ತೆ ಇದ್ದಕ್ಕಿದ್ದಂತೆ ನಗಲು ಶುರುಮಾಡಿದರು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ.

"ಅಯ್ಯೋ ಪಾಪ! ಮುರಿದದ್ದನ್ನ ಡಬ್ಬಿಲಿಟ್ಟು ಒಳ್ಳೇದನ್ನ ಎತ್ಕೊಂಡು ಹೋಗೋಕೆ ಬಂದಿದಾಳೆ. ಎರಡನ್ನೂ ಮೇಜಿನ ಮೇಲೆ ಇಟ್ಟಿದಾಳೆ. ಬಣ್ಣದವರೋ ಯಾರೋ ಒಳಗೆ ಬಂದಿರಬೇಕು, ಗಾಬರಿಲಿ ಕೈ ಆಡಿಸಿದಾಳೆ. ಆಮೇಲೆ ನೋಡಿದ್ರೆ, ತಂದಿದ್ದು ಯಾವುದು, ಇದ್ದಿದ್ದು ಯಾವುದು, ಅವಳಿಗೇ ಗೊತ್ತಾಗಿಲ್ಲ! ಎರಡನ್ನೂ ಒಳಗಿಟ್ಟು ಓಡಿದಾಳೆ."

ಭಾವ ನಕ್ಕ, ಕಿಡಿ ನಕ್ಕಳು, ಕೊನೆಗೆ ಲೇತಣ್ಣನೂ ನಕ್ಕ. ಕಳ್ಳಿಗೆ ಕೂಡ ಗುರುತು ಸಿಗದಷ್ಟು ನೀಟಾಗಿದೆ ತನ್ನ ಕೆಲಸ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

"ಆ ತಿರುಪಿಗೆ ಅಳತೆ ಬರ್ಕೊಂಡ ಚೀಟಿ ಇದೆಯಾ?"

"ಇದೆ ಅಕ್ಕ. ಅವರೇ ಬರೆದುಕೊಟ್ಟಿದ್ದು. ಮೊಳೆಗೆ ಚುಚ್ಚಿದೀನಿ."

"ಓಡಿ, ತನ್ನಿ. ಅಕ್ಷರ ಯಾರದು ನೋಡೋಣ."

ಲೇತಣ್ಣ ಹಿತ್ತಿಲ ಮೆಟ್ಟಿಲಿಳಿದು ಹೋದ. ಎರಡೂ ನಲವತ್ತು. ಅವನ ಹೆಜ್ಜೆಯ ಸದ್ದು ಅಡಗುವ ಮೊದಲೇ ಮುಂಬಾಗಿಲ ಗಂಟೆ ಮೊಳಗಿತು.

ಪರೀಕ್ಷಕರು ಇಪ್ಪತ್ತು ನಿಮಿಷ ಮೊದಲೇ ಬಂದಿದ್ದರು. ನಲವತ್ತೈದರ ಆಸುಪಾಸಿನ ಹೆಂಗಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಉಷ್ಣಮಾಪಕದ ಪೆಟ್ಟಿಗೆ, ನಗುಮುಖ. ಆ ನಗು ನೋಡಿ ಕಿಡಿಗೆ ಅರ್ಧ ಜೀವ ಬಂತು.

"ಮೊದಲು ನಿಯಮ," ಅಂದರು ಅವರು. "ಮೊಬೈಲೆಲ್ಲ ಈ ಚೀಲಕ್ಕೆ ಹಾಕಿ. ಪರೀಕ್ಷೆ ಮುಗಿಯೋವರೆಗೆ ಫೋಟೋ ಇಲ್ಲ, ಫೋನ್ ಇಲ್ಲ." ಮೂರು ಮೊಬೈಲೂ ಚೀಲ ಸೇರಿದವು.

"ಇದೇನಾ ಆ ಪ್ರಸಿದ್ಧ ಬ್ಲಾಕು? ಕಣ್ಣಾರೆ ನೋಡ್ತಿರೋದು ಇದೇ ಮೊದಲು."

"ಇದೇ ಮೇಡಂ. ಹಳದಿ ದಾರದ್ದು." ಕಿಡಿ ಎದೆಯುಬ್ಬಿಸಿ ಕಾಗದಕ್ಕೆ ಸಹಿ ಹಾಕಿದಳು. ಅವಳ ಹೆಸರು, ಅವಳ ದಾಖಲೆ, ಈಗ ಆ ಒಂದೇ ತಾಮ್ರದ ತುಂಡಿಗೆ ಕಟ್ಟುಬಿದ್ದಿತ್ತು.

ಪರೀಕ್ಷಕರು ನೀರಿನ ತೊಟ್ಟಿಯ ಮುಚ್ಚಳಕ್ಕೆ ಕಾಗದದ ಸೀಲು ಅಂಟಿಸಿದರು. ಮಂಜುಗಡ್ಡೆ ಯಾರೂ ಹಾಕದಿರಲಿ ಎಂದು. ಬಲಗೈ ಹೆಬ್ಬೆರಳಿನಿಂದ ಸೀಲನ್ನು ಒತ್ತಿ, ಬೆರಳೆತ್ತಿದರು.

ಅತ್ತೆ ನೋಡಿದರು. ಹೆಬ್ಬೆರಳಿನ ಮೆತ್ತನೆಯ ಭಾಗದಲ್ಲಿ ಹೊಸ ಚರ್ಮದ ಗುಲಾಬಿ ಗೆರೆ, ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ. ತಾಮ್ರದ ಮೇಲಿದ್ದದ್ದು ಇದಕ್ಕೆ ತಿರುಗುಮುರುಗು. ಅಚ್ಚು ಬಿದ್ದರೆ ಯಾವಾಗಲೂ ಹಾಗೇ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕಿಡಿಗೆ ಇದೊಂದೂ ಕಂಡಿರಲಿಲ್ಲ. ಅವಳು ಹಾಡು ಗುನುಗುತ್ತ ಗಾಜಿನ ಹಲಗೆ ಹಾಸಿ, ಅದರ ಮೇಲೆ ನಯವಾದ ಉಪ್ಪುಕಾಗದ ಇಟ್ಟು ನೀರು ಚಿಮುಕಿಸಿದಳು. ಕೂರಿಸುವ ಮೊದಲು ತಳವನ್ನು ನಾಲ್ಕು ಸುತ್ತು ಉಜ್ಜಿ ಕನ್ನಡಿ ಮಾಡುವುದು ಅವಳ ಪದ್ಧತಿ. ಇವತ್ತಂತೂ ಮೇಣ ಬೇರೆ ಅಂಟಿತ್ತು. ನಾಲ್ಕು ಸುತ್ತು ಉಜ್ಜಿದರೆ ಮೇಣ ಹೋಗುತ್ತದೆ, ಕಲೆ ಹೋಗುತ್ತದೆ, ಹೆಬ್ಬೆರಳೂ ಹೋಗುತ್ತದೆ. ಉಜ್ಜದಿದ್ದರೆ ಬ್ಲಾಕು ಸರಿಯಾಗಿ ಕೂರುವುದಿಲ್ಲ, ವೇಗ ಬರುವುದಿಲ್ಲ, ಹುಡುಗಿಯ ಹೆಸರು ಇವತ್ತೇ ಮಣ್ಣುಪಾಲು. ಫೋಟೋ ತೆಗೆಯೋಣವೆಂದರೆ ಮೊಬೈಲು ಆ ಹೆಂಗಸಿನ ಚೀಲದಲ್ಲಿ. ಅತ್ತ ದರಿ, ಇತ್ತ ಪುಲಿ.

"ಅತ್ತೆ, ಯಾಕೆ ಹಾಗೆ ನಿಂತ್ಕೊಂಡ್ರಿ? ಉಜ್ಜಲಾ?"

ಅತ್ತೆ ಬ್ಲಾಕಿನತ್ತ ಕೈ ಚಾಚಿದರು.

ಅಷ್ಟರಲ್ಲಿ ಪರೀಕ್ಷಕರು ಮೇಜಿನ ಮೇಲೆ ಬಗ್ಗಿದರು. ಅವರ ಕಣ್ಣು ಹಳದಿ ದಾರದ ಬ್ಲಾಕಿನ ತಳದಲ್ಲಿ ಒಂದು ಗಳಿಗೆ ನಿಂತಿತು. ನಗು ಹಾಗೇ ಇತ್ತು. ಅಂಚು ಹಿಡಿಯಬೇಕೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅವರು ಬ್ಲಾಕನ್ನು ತಳಕ್ಕೇ ಕೈ ತಾಗಿಸಿ ಎತ್ತಿಕೊಂಡರು. ಹೆಬ್ಬೆರಳು ಹೋಗಿ ಆ ಕಲೆಯ ಮೇಲೆ ಕೂತಿತು. ಒಂದಿಷ್ಟೂ ಆಚೆ ಈಚೆ ಆಗಲಿಲ್ಲ.

"ನಿನಗ್ಯಾಕಮ್ಮ ತೊಂದರೆ," ಅಂದರು ಅವರು ಕಿಡಿಗೆ, ಉಪ್ಪುಕಾಗದದ ಕಡೆ ತಿರುಗುತ್ತ. "ಬಿಡು, ನಾನೇ ಉಜ್ಜಿಕೊಡ್ತೀನಿ."